ಪಂಚಾಕ್ಷರಯ್ಯನವರು ಹೇಳಿಕೊಟ್ಟ ಮಾತು

ಹೊಳೆನರಸೀಪುರದ ವಕೀಲ ಪಂಚಾಕ್ಷರಯ್ಯನವರ ಜಗಲಿಯಲ್ಲಿ ಪಾಠ ಹೇಳಿಸಿಕೊಳ್ಳದ ಗಾಡಿಯವನು ಆ ತಾಲ್ಲೂಕಿನಲ್ಲೇ ಇರಲಿಲ್ಲ. ಪಾಠವೆಂದರೆ ಕೋರ್ಟಿನಲ್ಲಿ ಹೇಳಬೇಕಾದ ಎರಡೇ ಮಾತು: 'ತಪ್ಪಾಯ್ತು ಸ್ವಾಮಿ.' ಕೈ ಎಲ್ಲಿಗೆ ಜೋಡಿಸಬೇಕು, ತಲೆ ಎಷ್ಟು ತಗ್ಗಿಸಬೇಕು ಎಂಬುದನ್ನು ಅವರೇ ಎದ್ದು ನಿಂತು ಮಾಡಿ ತೋರಿಸುತ್ತಿದ್ದರು. ಸಣ್ಣಪುಟ್ಟ ಕೇಸು ಒಪ್ಪಿಕೊಂಡರೆ ಮಧ್ಯಾಹ್ನಕ್ಕೆ ಮನೆ. ಇಲ್ಲವೆಂದರೆ ಆರು ವಾಯಿದೆ, ಆರು ದಿನದ ಕೆಲಸ ನೆಗೆದುಬಿತ್ತು.

ಹಳೇಕೋಟೆಯ ಬೈರಯ್ಯ ಮಾತ್ರ ತಕರಾರು ತೆಗೆದ. ನಲವತ್ಮೂರನೆಯ ಇಸವಿ, ಸೀಮೆಎಣ್ಣೆಗೂ ಚೀಟಿ ಬೇಕಾಗಿದ್ದ ಕಾಲ. ಮುಸ್ಸಂಜೆಯಲ್ಲಿ ಸೈಕಲ್ಲಿನವನೊಬ್ಬ ಅವನ ಎತ್ತಿನ ಗಾಡಿಯ ಮುಂದಿನ ಮೂಕಿಮರಕ್ಕೆ ಗುದ್ದಿ ಬಿದ್ದಿದ್ದ. ಬಿದ್ದವನನ್ನು ಅದೇ ಗಾಡಿಯಲ್ಲಿ ಆಸ್ಪತ್ರೆಗೆ ತಂದವನೂ ಬೈರಯ್ಯನೇ. ಪೊಲೀಸರು ದೀಪವಿಲ್ಲದೆ ಗಾಡಿ ಹೊಡೆದನೆಂದು ಕೇಸು ಹಾಕಿದರು.

"ಲಾಟೀನು ಉರೀತಿತ್ತು ಬುದ್ಧಿ. ಗುದ್ದಿದ ಮ್ಯಾಲೇ ಆರೋಗಿದ್ದು."

"ಉರೀತಿತ್ತು ಅನ್ನೋಕೆ ಸಾಕ್ಷಿ ಯಾರೋ? ನಿನ್ನ ಎತ್ತುಗಳಾ? ತಪ್ಪಾಯ್ತು ಅಂದು ಗಾಡಿ ಹೂಡ್ಕೊಂಡು ಹೋಗು" ಎಂದರು ಪಂಚಾಕ್ಷರಯ್ಯ.

ಬೈರಯ್ಯ ಹಾಗೆಯೇ ಹೇಳಿ, ದಂಡ ಕಟ್ಟಿ, ಹೊತ್ತಿರುವಾಗಲೇ ಊರು ಸೇರಿದ.

ಹನ್ನೆರಡನೆಯ ದಿನ ಸೈಕಲ್ಲಿನವನು ತೀರಿಕೊಂಡ. ಅಜಾಗರೂಕತೆಯಿಂದ ಗಾಡಿ ಹೊಡೆದು ಸಾವಿಗೆ ಕಾರಣನಾದನೆಂದು ಬೈರಯ್ಯನ ಮೇಲೆ ಹಾಸನದ ಕೋರ್ಟಿನಲ್ಲಿ ಹೊಸ ಕೇಸಾಯಿತು. ದೀಪವಿರಲಿಲ್ಲ ಎನ್ನುವುದಕ್ಕೆ ಪೊಲೀಸರು ಸಾಕ್ಷಿ ಹುಡುಕಿ ಅಲೆಯಬೇಕಾಗಿರಲಿಲ್ಲ. ಅವನೇ ಒಪ್ಪಿಕೊಂಡಿದ್ದ ಕಾಗದ ಅವರ ಕೈಲಿತ್ತು.

ಪಂಚಾಕ್ಷರಯ್ಯನವರಿಗೆ ಅನ್ನ ಸೇರದಾಯಿತು. ದೀಪ ಉರಿಯುತ್ತಿತ್ತೆಂದು ಅವನು ಮೊದಲೇ ಹೇಳಿದ್ದ, ಸುಳ್ಳು ಹೇಳಿಸಿದವನು ನಾನು ಎಂದು ತಾವೇ ಕಟಕಟೆ ಹತ್ತಿ ಹೇಳುವುದೆಂದು ನಿಶ್ಚಯಿಸಿದರು. ಮೂವತ್ತು ವರ್ಷದ ಹೆಸರು ಮಣ್ಣುಪಾಲಾದರೆ ಆಗಲಿ, ಒಂದು ಜೀವ ಜೈಲಿಗೆ ಹೋಗುವುದು ತಪ್ಪಬೇಕು. ಬೈರಯ್ಯ ಏನು ಹೇಳಬೇಕೆಂಬುದನ್ನು ಆ ದಿನ ಕೋರ್ಟಿನ ಬಾಗಿಲಲ್ಲೇ ಹೇಳಿಕೊಟ್ಟರಾಯಿತು ಎಂದುಕೊಂಡರು. ಪಾಠ ಹೇಳುವುದರಲ್ಲಿ ಅವರಿಗೆ ಅಷ್ಟು ಭರವಸೆ.

ಕೇಸಿನ ದಿನ ಇದ್ದಿಲು ಗ್ಯಾಸಿನ ಬಸ್ಸು ದಾರಿಯಲ್ಲಿ ಎರಡು ಕಡೆ ಕೆಟ್ಟು ನಿಂತಿತು. ಕರಿಕೋಟಿನಲ್ಲೇ ಇಳಿದು ಎಲ್ಲರ ಜೊತೆ ತಳ್ಳಿದರು. ಏದುಸಿರು ಬಿಡುತ್ತ ಹಾಸನದ ಕೋರ್ಟು ಮುಟ್ಟಿದಾಗ ಹನ್ನೆರಡೂವರೆ.

ಬೈರಯ್ಯ ಹೊರಗೆ ಜಗಲಿಯಲ್ಲಿ ಇಬ್ಬರು ಪೊಲೀಸರ ನಡುವೆ ಕೂತಿದ್ದ. ಮುಖ ಗೆಲುವಾಗಿತ್ತು.

"ಯೋಚ್ನೆ ಮಾಡ್ಬ್ಯಾಡಿ ಬುದ್ಧಿ, ಎಲ್ಲಾ ಮುಗೀತು. ಕೂಗುದ್ರು, ಒಳಕ್ಕೆ ಓದೆ. ನೀವು ಯೇಳ್ಕೊಟ್ಟಂಗೇ ತಪ್ಪಾಯ್ತು ಸ್ವಾಮಿ ಅಂದೆ. ಎರಡು ಸಲ ಕೇಳುದ್ರು, ಎರಡು ಸಲಾನೂ ಅಂದೆ. ಆಮ್ಯಾಕೆ ಇಂಗ್ಲೀಸ್ನಾಗೆ ಏನೋ ಬರ್ಕೊಂಡ್ರು."

ಪಂಚಾಕ್ಷರಯ್ಯ ಒಳಗೆ ಹೋಗಿ ಕಾಗದ ನೋಡಿಬಂದರು. ಒಂದು ವರ್ಷ ಕಠಿಣ ಸಜೆ. ಒಪ್ಪಿಕೊಂಡವನಿಗೆ ಶಿಕ್ಷೆ ಹೆಚ್ಚಾಯಿತೆಂದು ಬೇಡುವುದು ಬಿಟ್ಟರೆ ಬೇರೆ ಅಪೀಲಿಲ್ಲ. ಅದು ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಕಟಕಟೆಯಲ್ಲಿ ಹೇಳಬೇಕೆಂದು ಬಸ್ಸಿನುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತನ್ನು ಕೇಳಲು ಅಲ್ಲಿ ಯಾರೂ ಇರಲಿಲ್ಲ.

ಆವರಣದ ಹುಣಸೆಮರದಡಿ ಅವನ ಎತ್ತುಗಳು ಮೆಲುಕು ಹಾಕುತ್ತಿದ್ದವು. ಬೈರಯ್ಯ ಆ ಕಡೆ ನೋಡಿ, ಏಳಲು ಪಂಚೆ ಸರಿಮಾಡಿಕೊಂಡ.

"ಇನ್ನು ಗಾಡಿ ಹೂಡ್ಲಾ ಬುದ್ಧಿ? ದಾರೀಲಿ ಒತ್ತು ಮುಳುಗುದ್ರೂ ಭಯಾ ಇಲ್ಲ. ಲಾಟೀನ್ಗೆ ಎಣ್ಣೆ ತುಂಬ್ಕೊಂಡೇ ಬಂದಿವ್ನಿ."