ಹನ್ನೊಂದರಲ್ಲಿ ಆರು

ಡಾಕ್ಟರ ತುಟಿ ಮುಚ್ಚಿದ ಮೇಲೆ ಮಾತು ಬರುತ್ತದೆ, ಬಾಯಿ ಒಂದು ಕಡೆ ದನಿ ಇನ್ನೊಂದು ಕಡೆ, ಬೆಂಗಳೂರಿನಿಂದ ಆಕಾಶಕ್ಕೆ ಹೋಗಿ ಕೊಪ್ಪಕ್ಕೆ ಇಳಿಯಬೇಕಲ್ಲ ಪಾಪ, ಅಷ್ಟು ದೂರ ಬಂದರೆ ಮಾತಿಗೂ ಸುಸ್ತಾಗುತ್ತದೆ — ಕಮಲಕ್ಕ ಬಾಗಿಲ ಪಕ್ಕ ಗೋಡೆಗೆ ಒರಗಿ ಟೀವಿ ನೋಡುತ್ತಾಳೆ, ಟೀವಿ ಅನ್ನಬಾರದು, ಟೆಲಿಮೆಡಿಸಿನ್ ಅನ್ನಬೇಕು ಎಂದು ಭವ್ಯ ಸಿಸ್ಟರ್ ಎರಡು ಸಲ ತಿದ್ದಿದ್ದಾಳೆ, ಆಸ್ಪತ್ರೆಯ ಆಯಾ ಆದವರಿಗೆ ಇಷ್ಟೂ ಗೊತ್ತಿಲ್ಲದಿದ್ದರೆ ಹೇಗೆ ಕಮಲಕ್ಕ. ಗೊತ್ತಿಲ್ಲದ್ದೇನು, ಗೊತ್ತಿರುವುದೇ ಹೆಚ್ಚಾಗಿದೆ. ಕ್ಯಾಮೆರಾದ ಎದುರಿನ ಕುರ್ಚಿ ಒರೆಸುವುದು, ರೋಗಿಯನ್ನು ಕೂರಿಸುವುದು, ಬೆಳಕು ಹೊಡೆಯದ ಹಾಗೆ ಕಿಟಕಿ ಮುಚ್ಚುವುದು, ಇಷ್ಟೇ ಅವಳ ಕೆಲಸ, ಬಾಯಿಗೆ ಇಲ್ಲಿ ಕೆಲಸವಿಲ್ಲ. ಬಸರೀಕಟ್ಟೆ ಕಡೆಯ ಎಸ್ಟೇಟೊಂದರ ಕೂಲಿ ಲೈನಿನ ಸಾಲುಮನೆಗಳಿಂದ ಹನ್ನೊಂದು ಜನ, ಹನ್ನೊಂದು ಜನರ ರಕ್ತದಲ್ಲೂ ಹೆಪಟೈಟಿಸ್ ಸಿ, ಒಬ್ಬರಿಗೆ ಚುಚ್ಚಿದ ಸೂಜಿಯಿಂದ ಇನ್ನೊಬ್ಬರಿಗೆ ಹಬ್ಬಿ ಸದ್ದಿಲ್ಲದೆ ಲಿವರು ತಿನ್ನುವ ಕಾಯಿಲೆಯಂತೆ, ವಾರಕ್ಕೊಂದು ಸೂಜಿಮದ್ದು, ವರ್ಷವಿಡೀ, ಸರ್ಕಾರವೇ ಕೊಡುತ್ತದೆ, ಆದರೆ ಮಂಜೂರಾದದ್ದು ಆರೇ ಜನಕ್ಕೆ. ಉಳಿದ ಐವರು? ಹೋದ ವಾರ ಡಾಕ್ಟರು ಇದೇ ಟೀವಿಯಲ್ಲಿ ಬಿಡಿಸಿ ಹೇಳಿದ್ದರು, ಎಲ್ಲರಿಗೂ ಒಂದೇ ಕಡೆಯಿಂದ ಹಬ್ಬಿದ್ದು ಅಂತ ಗೊತ್ತಾದರೆ ನಾನು ಹಾಗೇ ಬರೆದು ಕಳಿಸ್ತೇನೆ, ಅಂಥದ್ದಕ್ಕೆ ಸರ್ಕಾರದ ಬೇರೆ ದುಡ್ಡಿದೆ, ಆಗ ಹನ್ನೊಂದೂ ಜನಕ್ಕೆ ಮದ್ದು ಸಿಗುತ್ತೆ, ಹೇಳಿ, ಎಲ್ಲಿ ಸೂಜಿ ಹಾಕಿಸಿಕೊಳ್ತಿದ್ರಿ? ಎಲ್ಲೂ ಇಲ್ಲ ಡಾಕ್ಟ್ರೆ, ನಾವು ಸೂಜಿ ಕಂಡೋರೇ ಅಲ್ಲ. ಹತ್ತು ಜನ ಒಬ್ಬರ ಹಿಂದೊಬ್ಬರು ಇದೇ ಕುರ್ಚಿಯಲ್ಲಿ ಕೂತು ಅದನ್ನೇ ಹೇಳಿ ಎದ್ದು ಹೋದರು, ಸೀತಾರಾಮ ಕಂಪೌಂಡರ ಹೆಸರು ಕೆಡಬಾರದು ಎಂದು.

ಕಂಪೌಂಡರು ತೀರಿಕೊಂಡು ಆರು ವರ್ಷ. ಎಸ್ಟೇಟಿನ ಡಿಸ್ಪೆನ್ಸರಿ ಎಂದರೆ ಅವರೇ, ಹೆರಿಗೆನೋವು ಎಂದು ಯಾರಾದರೂ ಓಡಿಬಂದರೆ ಉಣ್ಣುವ ಎಲೆ ಬಿಟ್ಟು ಏಳುತ್ತಿದ್ದವರು, ಈಗಲೂ ಲೈನಿನ ಮನೆಮನೆಯಲ್ಲಿ ದೇವರ ಪಟದ ಪಕ್ಕ ಅವರ ಫೋಟೊ, ಹಣೆಗೆ ಕುಂಕುಮ. ಅಂಥವರ ಮೇಲೆ ಗೂಬೆ ಕೂರಿಸುವುದಕ್ಕಿಂತ ಸಾಯುವುದೇ ವಾಸಿ ಎಂದು ಮಾತಾಡಿಕೊಂಡು ಬಂದಿದ್ದಾರೆ, ಎಂಥ ಜನ, ಎಂಥ ಹುಚ್ಚು ಜನ, ಇವರ ಒಳ್ಳೆಯತನಕ್ಕಿಷ್ಟು ಬೆಂಕಿ ಹಾಕ. ಕಂಪೌಂಡರದು ತಪ್ಪೇ ಇಲ್ಲವಲ್ಲ. ಒಬ್ಬರಿಗೆ ಹಾಕಿದ ಮೇಲೆ ಸೂಜಿ, ಸಿರಿಂಜು ಎರಡನ್ನೂ ಹತ್ತು ನಿಮಿಷ ಕುದಿಸಬೇಕು ಕಮಲಾ, ಗಡಿಯಾರ ನೋಡಿಯೇ ತೆಗಿ, ಡಿಸ್ಪೆನ್ಸರಿಯಲ್ಲಿ ಅವರ ಕೈಕೆಳಗಿದ್ದಾಗ ದಿನಾ ಕೇಳಿದ ಆ ದನಿ ಕಿವಿಯಲ್ಲೇ ಇದೆ. ಭಾನುವಾರ ಡಿಸ್ಪೆನ್ಸರಿಯ ಜಗುಲಿ ತುಂಬ ಜನ, ಮಾತ್ರೆ ಕೊಟ್ಟರೆ ಬೇಲಿಗೆ ಎಸೆಯುವವರು, ಚುಚ್ಚದಿದ್ದರೆ ಅದು ಮದ್ದೇ ಅಲ್ಲ, ನೆಗಡಿಗೂ ಸೂಜಿ, ಸೊಂಟನೋವಿಗೂ ಸೂಜಿ, ರವಿಕೆ ಮೇಲೇರಿಸಿದ ಹೆಂಗಸರು, ಅಂಗಿ ಮಡಚಿದ ಗಂಡಸರು, ಬರೀ ರಟ್ಟೆಗಳು, ಮುಖ ನೋಡಲು ಪುರುಸೊತ್ತಿಲ್ಲ. ಕಂಪೌಂಡರ ಕೈ ನಡುಗತೊಡಗಿದ ಮೇಲೆ ಕುದಿಸುವವಳೂ ಅವಳೇ, ಚುಚ್ಚುವವಳೂ ಅವಳೇ. ಕುದಿಸಲು ಸೀಮೆಎಣ್ಣೆ ಸ್ಟೌ. ಡಿಸ್ಪೆನ್ಸರಿಗೆಂದು ಎಸ್ಟೇಟಿನವರು ಕೊಡುತ್ತಿದ್ದ ಆ ಸೀಮೆಎಣ್ಣೆಯಲ್ಲಿ ವಾರಕ್ಕೊಂದು ಬಾಟಲಿ ಸೆರಗಿನಡಿ ಸೇರಿ ಮನೆಗೆ ಬರುತ್ತಿತ್ತು, ಚೈತ್ರ ಆಗ ಎಸೆಸೆಲ್ಸಿ, ಓದಲು ದೀಪ ಬೇಕು, ಅಪ್ಪನಿಲ್ಲದ ಮಗಳು ನನ್ನ ಹಾಗೆ ಎಸ್ಟೇಟಿನಲ್ಲೇ ಸವೆಯಬಾರದು. ಹಾಗಾಗಿ ಬೆಳಿಗ್ಗೆ ಒಂದು ಸಲ ಕುದಿಸು, ಆಮೇಲೆ ಉಗುರುಬೆಚ್ಚಗಿನ ನೀರಿನಲ್ಲಿ ಅದ್ದು, ಸ್ಪಿರಿಟ್ ಹತ್ತಿಯಲ್ಲಿ ಒರೆಸು, ಮುಂದಿನ ರಟ್ಟೆ. ಚೈತ್ರ ಪಾಸಾದಳು, ಈಗ ಶೃಂಗೇರಿಯಲ್ಲಿ ಟೀಚರು, ಅಮ್ಮ ನನ್ನ ದೀಪಕ್ಕೆ ಎಷ್ಟು ಕಷ್ಟಪಟ್ಟಳು ಅಂತ ಶಾಲೆ ಮಕ್ಕಳಿಗೆ ಹೇಳ್ತೇನೆ ಎನ್ನುತ್ತಾಳೆ, ಹೇಳಬೇಡ ಮಾರಾಯ್ತಿ ಎಂದರೆ ನಗುತ್ತಾಳೆ. ಎಸ್ಟೇಟಿನ ಜೀಪು ಓಡಿಸುತ್ತಿದ್ದ ಅಸಾದುಲ್ಲಾ, ಬೆನ್ನುನೋವೆಂದು ಸಾಲಿನಲ್ಲಿ ಯಾವತ್ತೂ ಮುಂದೆ, ಈ ಪಟ್ಟಿ ಆಗುವ ಮೊದಲೇ ನರಸಿಂಹರಾಜಪುರದ ತಂಗಿಯ ಮನೆಯಲ್ಲಿ ಹೊಟ್ಟೆ ಉಬ್ಬಿ ಸತ್ತ, ಒಂದು ಹನಿ ಕುಡಿಯದವನಿಗೆ ಲಿವರು ಹೋಯಿತಲ್ಲ ಎಂದು ಊರೆಲ್ಲ ಬೆರಗು. ಮೊನ್ನೆ ಭವ್ಯ ಸಿಸ್ಟರ್, ನೀವೂ ಒಂದು ಕಾಲಕ್ಕೆ ಆ ಲೈನಿನಲ್ಲಿದ್ದವರಲ್ಲ ಎಂದು, ಕಮಲಕ್ಕನ ರಕ್ತವನ್ನೂ ನೋಡಿದಳು, ಏನೂ ಇಲ್ಲ, ನೀವು ಪುಣ್ಯ ಮಾಡಿದ್ದೀರಿ ಎಂದಳು. ಪುಣ್ಯವಲ್ಲ, ಹೆದರಿಕೆ, ಚುಚ್ಚುವವಳು ಒಮ್ಮೆಯೂ ಚುಚ್ಚಿಸಿಕೊಂಡವಳಲ್ಲ.

ಇವತ್ತು ಕುರ್ಚಿಯಲ್ಲಿ ಹನ್ನೊಂದನೆಯವಳು, ಯಲ್ಲಕ್ಕ, ಲೈನಿನಲ್ಲಿ ಆಗ ಪಕ್ಕದ ಮನೆಯವಳು, ಕಮಲಕ್ಕ ಡಿಸ್ಪೆನ್ಸರಿಗೆ ಹೋದಾಗ ಚೈತ್ರಳನ್ನು ಸೊಂಟದಲ್ಲಿ ಹೊತ್ತು ತಿರುಗಿದವಳು — ಕಾಲು ಬಾತಿವೆ, ಕಣ್ಣು ಅರಿಸಿನ, ಕೂರುವಾಗ ಕಮಲಕ್ಕನ ಕೈ ಹಿಡಿದೇ ಕೂತಳು. ಹೇಳಿಬಿಡಬೇಕು. ಕೆಲಸ ಹೋದರೆ ಹೋಗಲಿ, ಪೊಲೀಸರು ಬಂದರೆ ಬರಲಿ, ಎರಡು ಹೆಜ್ಜೆ ಮುಂದೆ ಹೋದರೆ ಕ್ಯಾಮೆರಾ, ನಾನೇ ಡಾಕ್ಟ್ರೆ, ಎರಡೇ ಮಾತು, ಐದು ಜೀವ ಉಳಿಯುತ್ತವೆ, ಹೇಳುತ್ತೇನೆ, ಆದರೆ ಚೈತ್ರ — ತನ್ನ ದೀಪದಲ್ಲಿ ಉರಿದದ್ದು ಏನೆಂದು ಅವಳಿಗೆ ಗೊತ್ತಾದರೆ, ಆ ಮುಖವನ್ನು ಹೇಗೆ ನೋಡಲಿ. ಕೊನೇ ಸಲ ಕೇಳ್ತಿದ್ದೇನೆ ಅಮ್ಮ, ಎಲ್ಲಾದರೂ ಸೂಜಿ ಹಾಕಿಸಿಕೊಂಡಿದ್ದು ಇದೆಯಾ? ಇಲ್ಲ ಡಾಕ್ಟ್ರೆ. ಡಾಕ್ಟರು ಕನ್ನಡಕ ತೆಗೆದರು, ಹಾಕಿಕೊಂಡರು. ಭವ್ಯ ಸಿಸ್ಟರ್ ಮೆಲ್ಲಗೆ, ಯಲ್ಲಕ್ಕ, ಆರು ಜನರ ಪಟ್ಟಿ ಇವತ್ತೇ ಹೋಗ್ತದೆ, ನಿಮ್ಮ ಹೆಸರು ಅದರಲ್ಲಿಲ್ಲ, ಮುಂದಿನ ವರ್ಷ ನೋಡುವ. ಮುಂದಿನ ವರ್ಷ ಎಂದರೆ ಏನೆಂದು ಕೋಣೆಯಲ್ಲಿ ಎಲ್ಲರಿಗೂ ಗೊತ್ತು, ಯಲ್ಲಕ್ಕನಿಗೆ ಗೊತ್ತಿಲ್ಲ, ಅವಳು ಟೀವಿಗೆ ಬೆನ್ನು ಹಾಕಿ ಇತ್ತ ತಿರುಗುತ್ತಾಳೆ, ಇಷ್ಟು ದೂರ ಬಂದು ಬರೀಕೈಲಿ ಎಂತ ಹೋಗೋದು ಮಾರಾಯ್ತಿ, ಟೀವಿ ಒಳಗಿನೋರು ಹೆಂಗೂ ಚುಚ್ಚಾಕಾಗಲ್ಲ, ನೀನೇ ಒಂದು ಹಾಕಿಬಿಡು ಕಮಲಕ್ಕ, ಆಗ ಹಾಕ್ತಿದ್ದೆಯಲ್ಲ ಹಂಗೆ, ನಿನ್ನ ಕೈಲಿ ನೋವೇ ಆಗ್ತಿರಲಿಲ್ಲ, ರವಿಕೆ ಭುಜದವರೆಗೆ ಏರಿಸಿದಳು, ರಟ್ಟೆ ಚಾಚಿದಳು.

ಡಾಕ್ಟರು ತಲೆಯೆತ್ತಿದರು. ಏನಂದ್ರು ಅವರು, ಯಾರು ಹಾಕ್ತಿದ್ರು ಅಂದ್ರು? ಭವ್ಯ ಸಿಸ್ಟರ್ ಕಮಲಕ್ಕನನ್ನು ನೋಡುತ್ತಾಳೆ, ಈಗ, ಈಗಲೇ, ಹ್ಞೂಂ ಎಂದರೂ ಸಾಕು — ಜ್ವರ ಡಾಕ್ಟ್ರೆ, ಜ್ವರದಲ್ಲಿ ಬಾಯಿಗೆ ಬಂದದ್ದು ಹೇಳ್ತಾಳೆ. ಇದು ಯಾರ ದನಿ, ತನ್ನದೇ, ಎಷ್ಟು ಸಲೀಸಾಗಿ ಬಂತು. ಯಲ್ಲಕ್ಕ ಒಂದು ಗಳಿಗೆ ಅವಳನ್ನೇ ನೋಡಿದಳು, ಆಮೇಲೆ ಅವಳಿಗೆ ಅರ್ಥವಾಯಿತು, ಕಂಪೌಂಡರ ಹೆಸರು, ತಾನು ಎಡವಿದೆ, ಕಮಲಕ್ಕ ಉಳಿಸಿದಳು, ಹಾಗೆಂದೇ ತಿಳಿದು ಕೃತಜ್ಞತೆಯಿಂದ ತಲೆಯಾಡಿಸುತ್ತಾಳೆ, ಹೌದು ಡಾಕ್ಟ್ರೆ, ಜ್ವರ. ಡಾಕ್ಟರು ತಲೆ ತಗ್ಗಿಸಿ ಬರೆದುಕೊಂಡರು. ಮುಗಿಯಿತು, ಪಟ್ಟಿ ಹೋಗುತ್ತದೆ, ಕಿಟಕಿ ತೆಗೆಯಬೇಕು, ಕುರ್ಚಿ ಒರೆಸಬೇಕು, ಯಲ್ಲಕ್ಕನನ್ನು ಬಸ್ಸಿಗೆ ಹತ್ತಿಸಬೇಕು, ಆದರೆ ಅವಳು ರಟ್ಟೆ ಇಳಿಸಿಲ್ಲ, ಜೋತುಬಿದ್ದ ಚರ್ಮ, ಅದರಲ್ಲಿ ಎಲ್ಲೂ ಒಂದು ಗುರುತಿಲ್ಲ, ಎಷ್ಟು ಸಲ ಚುಚ್ಚಿದ್ದೆ, ಒಂದೂ ಗುರುತಿಲ್ಲ, ಸ್ಪಿರಿಟ್ ಹತ್ತಿಯಲ್ಲಿ ಒರೆಸಲಿಕ್ಕೆ ಅನುಕೂಲವಾಗಲೆಂದು ಸ್ವಲ್ಪ ಹೊರಕ್ಕೆ ತಿರುಗಿಸಿ ಹಿಡಿದಿದ್ದಾಳೆ, ಆ ರಟ್ಟೆ, ಚಾಚಿದ ರಟ್ಟೆ.