ಸಣ್ಣ ಗುಂಡಿನ ತೂಕ

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವರು ಎಲ್ಲ ಊರಲ್ಲೂ ಇರುತ್ತಾರೆ. ಪೆನ್ಸಿಲ್ವೇನಿಯಾದ ಆ ಗುಡ್ಡಗಳಲ್ಲಿ ಎಲ್ವುಡ್ ರಿಶೆಲ್ ಇದ್ದ. ಅವನ ಮೊಲ ಯಾವುದೆಂದರೆ ನಲವತ್ತೈದರ ಕೋವಿ. ಅಂದರೆ ನಳಿಗೆಯ ಬಾಯಿ ಅಂಗುಲದ ನೂರು ಪಾಲಿನಲ್ಲಿ ನಲವತ್ತೈದು. ಒಳಗೆ ಹೋಗುವ ಸೀಸದ ಗುಂಡು ಬಟಾಣಿಗಿಂತ ತುಸು ದಪ್ಪ, ಅಷ್ಟೆ. ಕ್ರಿಸ್‌ಮಸ್ ಕಳೆದ ಮೇಲೆ ಕಲ್ಲಿನ ಕಿಡಿಯಿಂದ ಮದ್ದು ಹೊತ್ತಿಸುವ ಹಳೇ ಚಕಮಕಿ ಕೋವಿಯವರಿಗೆಂದೇ ಜಿಂಕೆ ಬೇಟೆ ತೆರೆಯುತ್ತದಲ್ಲ, ಆಗ ಬೇಟೆಯ ಬಿಡಾರಕ್ಕೆ ಉಳಿದವರೆಲ್ಲ ಐವತ್ತು, ಐವತ್ತನಾಲ್ಕು ಹೊತ್ತು ಬರುತ್ತಿದ್ದರು. ಇವನೊಬ್ಬ ಅರವತ್ತೆಂಟು ವರ್ಷವಾದರೂ ಆ ಸಣ್ಣ ಬಾಯಿಯದನ್ನು ಬಿಟ್ಟಿರಲಿಲ್ಲ.

"ಮೂರ್ತಿ ಚಿಕ್ಕದಾದ್ರೂ ಕೀರ್ತಿ ದೊಡ್ಡದು ಕಣ್ರೋ," ಎನ್ನುತ್ತಿದ್ದ. "ನನ್ನ ಗುಂಡು ತಾಗಿದ್ರೆ ಜಿಂಕೆ ನಿಂತಲ್ಲೇ ಬೀಳುತ್ತೆ. ಓಡಿತು ಅಂದ್ರೆ ತಾಗಿಲ್ಲ ಅಂತಲೇ ಅರ್ಥ."

ಅವನಿಗೆ ಎದುರು ವಾದಿಸುತ್ತಿದ್ದವನು ತಂಗಿಯ ಗಂಡ ಡೆಲ್ಮರ್. ಅವನದು ಐವತ್ತನಾಲ್ಕು.

"ನಿನ್ನ ಗುಂಡಿನ ತೂಕ ನೂರ ಇಪ್ಪತ್ತೆಂಟು ಗ್ರೇನ್, ಭಾವ. ನಂದು ಇನ್ನೂರ ಇಪ್ಪತ್ತನಾಲ್ಕು. ಎಲುಬಿಗೆ ಬಡಿದ್ರೆ ನಿಂದು ಅಲ್ಲೇ ಕೂತ್ಕೊಳ್ಳುತ್ತೆ. ನಂದು ಆಚೆ ಬರುತ್ತೆ."

"ಆಚೆ ಬಂದು ಏನು ಮಾಡುತ್ತೆ, ನಿಂಗೆ ಕಾಗದ ಬರೆಯುತ್ತಾ?"

ಇಪ್ಪತ್ತು ವರ್ಷ ಇದೇ ಮಾತು, ಇದೇ ನಗು. ಹೋದ ವರ್ಷ ಜನವರಿಯಲ್ಲಿ ಆ ನಗು ನಿಂತುಹೋಯಿತು.

ಆವತ್ತು ಏರಿನ ಮೇಲೆ ಇಬ್ಬರೂ ಒಂದು ಕೂಗಿನಷ್ಟು ದೂರದಲ್ಲಿ ಕೂತಿದ್ದರು. ಬಲಗಿವಿ ಹರಿದ ಗಂಡುಜಿಂಕೆಯೊಂದು ಇಬ್ಬರಿಗೂ ಕಾಣುವಂತೆ ಕೆಳಗೆ ಬಂದು ನಿಂತಿತು. ಎರಡು ಕೋವಿಯೂ ಹೆಚ್ಚುಕಡಿಮೆ ಒಟ್ಟಿಗೇ ಸಿಡಿದವು. ಕರಿಮದ್ದಿನ ಹೊಗೆ ಎಂದರೆ ಗೊತ್ತಲ್ಲ, ಹೊಡೆದವನಿಗೆ ಅರೆಗಳಿಗೆ ಏನೂ ಕಾಣುವುದಿಲ್ಲ. ಹೊಗೆ ತಿಳಿಯಾಗುವ ಹೊತ್ತಿಗೆ ಜಿಂಕೆ ಹಿಂಗಾಲು ಎಳೆಯುತ್ತ ಇಳಿಜಾರಿನಲ್ಲಿ ಮಾಯವಾಗಿತ್ತು. ಹಿಮದ ಮೇಲೆ ರಕ್ತವಿತ್ತು.

"ನಂದು ಮೇಲಿಂದ ಹೋಯ್ತು," ಎಂದ ಎಲ್ವುಡ್. ಸುಳ್ಳು ಹೇಳಬೇಕೆಂದು ಹೇಳಿದ್ದಲ್ಲ. ತಾಗಿದ್ದರೆ ಬೀಳಬೇಕಿತ್ತು, ಬೀಳಲಿಲ್ಲ, ಆದ್ದರಿಂದ ತಾಗಿಲ್ಲ. ಅವನ ತಲೆ ಓಡಿದ್ದು ಅಷ್ಟೇ. ಬಿಡಾರದಲ್ಲಿ ಗುರಿ ತಪ್ಪಿದವನ ಅಂಗಿಯ ಹಿಂದಿನ ಅಂಚು ಕತ್ತರಿಸಿ ಗೋಡೆಗೆ ಮೊಳೆ ಹೊಡೆದು ತೂಗುಹಾಕುವುದು ರೂಢಿ. ಅವನು ನಗುತ್ತಲೇ ತಿರುಗಿ ನಿಂತು ಕತ್ತರಿಸಿಕೊಂಡ. ಗುರಿ ತಪ್ಪುವುದು ತಮಾಷೆಯ ವಿಷಯ. ಪ್ರಾಣಿಗೆ ಗಾಯ ಮಾಡಿ ಬಿಟ್ಟು ಬರುವುದು ತಮಾಷೆಯಲ್ಲ. ಹಾಗೆ ಮಾಡಿದವನ ಜೊತೆ ಅಲ್ಲಿ ಯಾರೂ ಸರಿಯಾಗಿ ಮಾತಾಡುವುದಿಲ್ಲ.

"ದೊಡ್ಡ ಗುಂಡು, ಸಣ್ಣ ಗುಂಡಿಗೆ," ಎಂದ ಎಲ್ವುಡ್ ಎಲ್ಲರೆದುರು. "ಹೊಡೆದೋನು ಹೋಗಿ ಹುಡುಕ್ತಾನೆ. ಮನುಷ್ಯ ಆದೋನು."

ಡೆಲ್ಮರ್ ಭಾವನ ಮುಖವನ್ನೊಮ್ಮೆ ನೋಡಿ ಕೋಟು ಹಾಕಿಕೊಂಡ. ಮೂರು ದಿನ ಒಬ್ಬನೇ ಹಿಮದಲ್ಲಿ ಅಲೆದ. ನಾಲ್ಕನೆಯ ದಿನ ಅದೇ ಏರಿನಲ್ಲಿ ಮಂಜುಗಟ್ಟಿದ ಬಂಡೆಯ ಮೇಲೆ ಜಾರಿ ಕೆಳಗೆ ಬಿದ್ದು ಸತ್ತ. ಅವನಿಗೆ ಆಗ ಐವತ್ತೊಂಬತ್ತು. ಮಣ್ಣಿಗೆ ಬಂದವರೆಲ್ಲ ಅದನ್ನೇ ಆಡಿಕೊಂಡರು: ಪಾಪ, ಒಳ್ಳೆಯವನು, ಒಂದು ಕೆಟ್ಟ ಗುರಿಗೆ ಪ್ರಾಣ ತೆತ್ತ. ಪಕ್ಕದಲ್ಲಿ ನಿಂತಿದ್ದ ಎಲ್ವುಡ್ ಹೌದೆಂದು ತಲೆಯಾಡಿಸಿದ್ದ.

ಈ ವರ್ಷ ಹೊಸವರ್ಷದ ಮಾರನೆಯ ದಿನ ಎಲ್ವುಡ್‌ನ ನಲವತ್ತೈದು ಒಂದು ಗಂಡುಜಿಂಕೆಯನ್ನು ನಲವತ್ತು ಹೆಜ್ಜೆಯ ದೂರದಲ್ಲಿ ನಿಂತಲ್ಲೇ ಕೆಡವಿತು. ಹತ್ತಿರ ಹೋಗಿ ನೋಡಿದರೆ ಬಲಗಿವಿ ಹರಿದಿತ್ತು. ಎಡ ಹಿಂಗಾಲು ಸೊರಗಿ ಒಣಕಲಾಗಿತ್ತು. ಇದು ಡೆಲ್ಮರ್‌ನ ಜಿಂಕೆ ಎಂದುಕೊಂಡ. ಅದರ ನೋವನ್ನು ತಾನು ಮುಗಿಸಿದೆನಲ್ಲ ಎಂದು ಅವನಿಗೆ ಒಳಗೊಳಗೇ ಸಮಾಧಾನವೂ ಆಯಿತು, ನಾಚಿಕೆಗೇಡು. ಅರ್ಧ ಮಾಂಸ ತಂಗಿಗೆ ಕೊಟ್ಟರಾಯಿತೆಂದು ಟ್ರಕ್ಕಿಗೆ ಹಾಕಿಕೊಂಡು ನೇರ ಅವಳ ಮನೆಗೇ ತಂದ.

ತಂಗಿ ಆರ್ಡಿತ್ ಕಾರು ನಿಲ್ಲಿಸುವ ಕೊಟ್ಟಿಗೆಯ ಬಾಗಿಲು ತೆರೆದಳು. ಡೆಲ್ಮರ್‌ನ ಕೆಲಸದ ಮೇಜು, ಮದ್ದು ತೂಗುವ ಅವನ ಪುಟ್ಟ ತಕ್ಕಡಿ, ಎಲ್ಲ ಇದ್ದಲ್ಲೇ ಇದ್ದವು.

"ನಿನ್ನೆ ಹೊಸವರ್ಷಕ್ಕೆ ಮಾಡಿದ ಹಂದಿಮಾಂಸ, ಹುಳಿ ಬರಿಸಿದ ಎಲೆಕೋಸು ಉಳಿದಿದೆ. ಬಿಸಿ ಮಾಡಿ ತರ್ತೀನಿ," ಎಂದಳು. "ಕಾಫಿನೂ ಇಡ್ತೀನಿ. ಅಷ್ಟರಲ್ಲಿ ನೀನು ತೊಡೆ ಬಿಡಿಸಿರು. ಹೋದ ಸಲದ ಹಾಗೆ ಅಡ್ಡಾದಿಡ್ಡಿ ಕೊಯ್ಬೇಡ ಮತ್ತೆ."

"ನಂಗೆ ಕೊಯ್ಯೋದು ಹೇಳಿಕೊಡ್ತೀಯಾ ನೀನು?"

"ಯಾರಾದ್ರೂ ಹೇಳಿಕೊಡಬೇಕಲ್ಲ."

ಅವಳು ಒಳಗೆ ಹೋದಳು. ಸೊರಗಿದ ಕಾಲಿನ ಕೀಲಿನ ಹತ್ತಿರ ಎಲ್ವುಡ್‌ನ ಚಾಕುವಿಗೆ ಏನೋ ತಗುಲಿತು. ಸುತ್ತ ನರ ಗಂಟುಗಟ್ಟಿತ್ತು, ಇವತ್ತಿನ ಗಾಯವಲ್ಲ. ಬಿಡಿಸಿದರೆ ಚಪ್ಪಟೆಯಾದ ಸೀಸ. ಬೆರಳಿನಲ್ಲಿ ಹಿಡಿದ ಕೂಡಲೇ ಗೊತ್ತಾಯಿತು, ಅದು ಹಗುರವಾಗಿತ್ತು.

ಚಪ್ಪಟೆಯಾದರೆ ಅಂದಾಜು ತಪ್ಪುತ್ತದೆ ಎಂದು ತನಗೆ ತಾನೇ ಹೇಳಿಕೊಂಡ. ಸೀಸ ಒರೆಸಿ ಡೆಲ್ಮರ್‌ನ ತಕ್ಕಡಿಗೆ ಹಾಕಿದ. ಇನ್ನೂರ ಮೇಲೆ ಹೋಗು, ದೇವರೇ, ಇನ್ನೂರ ಮೇಲೆ ಹೋಗು ಎಂದು ಬೇಡಿಕೊಂಡ. ನೂರ ಇಪ್ಪತ್ತನಾಲ್ಕಕ್ಕೆ ತಕ್ಕಡಿ ಸಮವಾಗಿ ನಿಂತಿತು. ತೆಗೆದು ಮತ್ತೆ ಹಾಕಿದ. ಅಷ್ಟೇ. ಆ ಗುಡ್ಡದಲ್ಲಿ ಅಷ್ಟು ಸಣ್ಣ ಗುಂಡು ಹಾರಿಸುವ ಮೊಂಡ ಇನ್ನೊಬ್ಬನಿಲ್ಲ ಎಂದು ಅವನೇ ಎಷ್ಟು ಸಲ ಜಂಬ ಕೊಚ್ಚಿದ್ದ!

ಜೇಬಿಗೆ ಹಾಕಿಕೊಂಡರೆ ಮುಗಿಯಿತು. ಯಾರಿಗೂ ತಿಳಿಯುವುದಿಲ್ಲ. ಹಾಕಿಕೊಂಡ ಕೂಡ. ಒಡಹುಟ್ಟಿದವಳು ಎಂದು ಉಳಿದವಳು ಇವಳೊಬ್ಬಳು, ಇವಳೂ ಬಾಗಿಲು ಮುಚ್ಚಿದರೆ ತನಗೆ ಯಾರಿದ್ದಾರೆ? ಆದರೆ ಹಾಗೆ ಮಾಡಿದರೆ ಡೆಲ್ಮರ್ ಕೆಟ್ಟ ಗುರಿಗಾರನಾಗಿಯೇ ಮಣ್ಣಿನಲ್ಲಿ ಮಲಗಿರಬೇಕಾಗುತ್ತದೆ. ಆ ಹೆಸರು ಕೊಟ್ಟವನು ತಾನು. ಅವನಿಗೆ ಬದುಕಿನಲ್ಲಿ ಮೊದಲ ಸಲ ತನ್ನ ಮೇಲೇ ಹೇಸಿಗೆಯಾಯಿತು.

ಆರ್ಡಿತ್ ತಟ್ಟೆ ಹಿಡಿದು ಬಂದಳು. "ಯಾಕೆ, ಮುಖ ಹೀಗೆ ಬಿಳಿಚಿಕೊಂಡಿದೆ? ಕೈ ಕೊಯ್ದುಕೊಂಡ್ಯಾ?"

"ಕೂತ್ಕೋ, ಆರ್ಡಿತ್."

"ನಿಂತೇ ಕೇಳ್ತೀನಿ. ಹೇಳು."

ಜೇಬಿನಿಂದ ಸೀಸ ತೆಗೆದು ಮೇಜಿನ ಮೇಲಿಟ್ಟ. "ಇದು ಆವತ್ತಿನ ಜಿಂಕೆ. ಕಿವಿ ನೋಡು. ಇದು ಕಾಲಿನಲ್ಲಿತ್ತು."

"ಎಷ್ಟು ತೂಗುತ್ತೆ?"

"ನೂರ ಇಪ್ಪತ್ತನಾಲ್ಕು."

ಇಪ್ಪತ್ತು ವರ್ಷ ಗಂಡನ ಜೊತೆ ಕೂತು ಗುಂಡು ಎರೆದು, ತೂಗಿ, ಆರಿಸಿದವಳು. ಅವಳಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ತಟ್ಟೆಯನ್ನು ನಿಧಾನವಾಗಿ ಕೆಳಗಿಟ್ಟಳು.

"ಎಲುಬಿಗೆ ಬಡಿದು ನಾಲ್ಕು ಗ್ರೇನ್ ಹೋಗಿರುತ್ತೆ," ಎಂದಳು. "ನೂರು ಹೋಗಲ್ಲ."

"ಹೋಗಲ್ಲ. ಇದು ನಂದು. ನಾನೇ ಹೊಡೆದು ಅವನ ತಲೆಗೆ ಕಟ್ಟಿದೆ. ನಾಳೆ ಬಿಡಾರಕ್ಕೆ ಹೋಗಿ ಎಲ್ಲರ ಮುಂದೆ ಹೇಳ್ತೀನಿ. ನೀನು ನನ್ನ ಮುಖಕ್ಕೆ ಉಗಿ, ಬೈ, ಏನು ಬೇಕಾದ್ರೂ ಮಾಡು."

ಅವಳು ಬೈಯಲಿಲ್ಲ. ಮೇಜಿನ ಅಂಚು ಹಿಡಿದು ನಿಂತಳು.

"ಅವನು ನಂಗೆ ಹೇಳಿದ್ದ," ಎಂದಳು.

"ಏನಂತ?"

"ಮೊದಲನೇ ದಿನವೇ ಮನೆಗೆ ಬಂದು ಹೇಳಿದ. 'ನನ್ನ ಗುಂಡು ಜಿಂಕೆ ಹಿಂದಿದ್ದ ಬೀಚ್ ಮರಕ್ಕೆ ಬಡೀತು, ಹೊಗೆ ಹೋದ ಮೇಲೆ ತೊಗಟೆ ಕಿತ್ತಿರೋದು ನೋಡಿದೆ' ಅಂದ. 'ಅಲ್ಲೇ ಹೇಳಬೇಕಿತ್ತು' ಅಂದೆ. 'ಭಾವನ್ನ ಎಲ್ಲರ ಎದುರು ಸುಳ್ಳುಗಾರ ಅನ್ನಲಾ' ಅಂದ. ನಾನು ನಂಬಲಿಲ್ಲ. 'ನಮ್ಮಣ್ಣ ಸುಳ್ಳು ಹೇಳೋನಲ್ಲ, ನೀನು ನೆಪ ಹೇಳ್ಬೇಡ' ಅಂದೆ. ಮೂರು ದಿನ ಹುಡುಕಿದ್ದು ನನ್ನ ಮಾತಿಗೆ."

ಎಲ್ವುಡ್ ಕೂತುಬಿಟ್ಟ.

"ನಾಲ್ಕನೇ ದಿನ ಅವನು ಜಿಂಕೆ ಹುಡುಕೋಕೆ ಹೋಗಿರಲಿಲ್ಲ, ಅಣ್ಣ. ಕೈಗೊಡಲಿ ತಗೊಂಡು ಹೋದ. 'ಮರದಿಂದ ನನ್ನ ಗುಂಡು ಕಿತ್ತು ತರ್ತೀನಿ, ನೀನೇ ತೂಗು, ಆಮೇಲೆ ನಂಬು' ಅಂದ. ನಾನು ನಕ್ಕೆ. 'ಹೋಗು, ತಾ, ನೋಡೋಣ' ಅಂದೆ."

ಹೊರಗೆ ಹಿಮ ಗುಡಿಸುವ ಬಂಡಿ ಸದ್ದು ಮಾಡುತ್ತ ಹೋಯಿತು. ಎಲ್ವುಡ್‌ನ ಯಾವ ಕ್ಷಮೆಯ ಮಾತೂ ಅವಳ ಪಾಲಿನ ತಪ್ಪನ್ನು ಹೊರುವಂತಿರಲಿಲ್ಲ.

"ಆ ಮರ ಇನ್ನೂ ಇರುತ್ತೆ," ಎಂದು ಕೊನೆಗೆ ಎದ್ದ. "ನಾನು ಹೋಗಿ ಅವನ ಗುಂಡು ತರ್ತೀನಿ. ಈಗಲೇ ಹೋಗ್ತೀನಿ."

"ಬೇಡ," ಎಂದು ಆರ್ಡಿತ್ ಬಾಗಿಲಿಗೆ ಅಡ್ಡ ನಿಂತಳು. "'ಹೋಗು, ತಾ' ಅಂತ ಇನ್ನೊಬ್ಬನಿಗೆ ನಾನು ಹೇಳಲ್ಲ."