ಗಾಳಿಗೆ ಎದುರಾಗಿ

ದರ್ಜಿ ಬಿಳಿ ನಿಲುವಂಗಿಯ ಬೆನ್ನಿನಿಂದ ಜಿಪ್ಪನ್ನು ಬಿಚ್ಚುತ್ತಿದ್ದ. ಹೆಂಡತಿಗೆ ಕೊನೆಯದಾಗಿ ಉಡಿಸಲೆಂದು ಅವಳ ಅಕ್ಕ ಕೊಂಡು ತಂದ ಅಂಗಿ ಅದು. ಕತ್ತರಿಯ ತುದಿಯಿಂದ ಹೊಲಿಗೆ ಎಬ್ಬಿಸಿ, ದಾರ ಕಿತ್ತು, ಆ ಜಾಗಕ್ಕೆ ಬಟ್ಟೆಯ ಲಾಡಿಗಳನ್ನು ಇಡುತ್ತಿದ್ದ.

"ಮಣ್ಣು ಮಾಡೋಕೆ ಹೊತ್ತಾಗ್ತಿದೆ. ಈಗ ಇದೇನಪ್ಪಾ ನಿಂದು?" ಎಂದಳು ಅಕ್ಕ.

"ಲೋಹ ಇರೋ ಬಟ್ಟೆ ಅವಳಿಗೆ ಆಗ್ತಿರಲಿಲ್ಲ, ಅತ್ತಿಗೆ."

"ಅದು ಬದುಕಿದ್ದಾಗಿನ ಮಾತು."

ಅವನು ತಲೆ ಎತ್ತಲಿಲ್ಲ. ಮಗಳು ಪಕ್ಕದಲ್ಲಿ ಕೂತು ಸೂಜಿಗೆ ದಾರ ಪೋಣಿಸಿ ಕೊಟ್ಟಳು.

ಹೊರಕೋಣೆಯಲ್ಲಿ ಅವಳು ಕೆಲಸ ಮಾಡುತ್ತಿದ್ದ ಹಡಗಿನವರು ಸಾಲಾಗಿ ಕೂತಿದ್ದರು. ಎದುರು ಮನೆಯ ಔಷಧಿ ಅಂಗಡಿಯವನು ತಗ್ಗಿದ ದನಿಯಲ್ಲಿ, "ಇಷ್ಟು ವರ್ಷ ಎದುರುಬದುರು ಇದ್ವಿ. ಮೇಡಂ ಅವರ ಕೆಲಸ ಏನು ಅಂತ ಇವತ್ತಿಗೂ ಸರಿಯಾಗಿ ಗೊತ್ತಿಲ್ಲ" ಎಂದ.

"ನಡುಗಡಲಲ್ಲಿ ಮಳೆ ಹಿಡಿಯೋದು" ಎಂದರು ಕ್ಯಾಪ್ಟನ್. "ಹಿಮ ಬಿದ್ರೆ ಹಿಮ. ಅದರಲ್ಲಿ ಸೀಸ ಎಷ್ಟಿದೆ, ಸತು ಎಷ್ಟಿದೆ ಅಂತ ನೋಡೋದು."

"ಸಮುದ್ರದ ಮಳೇಲಿ ಸೀಸ ಎಲ್ಲಿಂದ ಬರುತ್ತೆ?"

"ನಮ್ಮ ನಿಮ್ಮ ಮನೆ ಬಾಗಿಲಿಂದಲೇ. ಗಾಡಿ, ಕಾರ್ಖಾನೆ ಬಿಟ್ಟ ಹೊಗೆ ಗಾಳೀಲಿ ಅಷ್ಟು ದೂರ ಹೋಗಿ ಬೀಳುತ್ತೆ. ಇರೋದು ಎಷ್ಟು ಚೂರು ಅಂದ್ರೆ, ಬೆರಳಲ್ಲಿ ಉಂಗುರ ಇದ್ರೂ ಲೆಕ್ಕ ಕೆಡಬಹುದು. ಮೋಡ ಕಂಡ್ರೆ ಮೇಡಂ ನನ್ನ ದಾರೀನೇ ಬದಲಿಸೋರು. ಹಡಗಿಗೆ ಯಜಮಾನ ನಮ್ಮ ಸಾಹೇಬ್ರೋ ಮೋಡಾನೋ ಅಂತ ಹುಡುಗ್ರು ನಗೋರು."

ಯಾರೋ ನಕ್ಕು, ಒಳಗೆ ಹೆಣವಿದೆ ಎಂದು ನೆನಪಾಗಿ ಸುಮ್ಮನಾದರು. ದರ್ಜಿ ಕೊನೆಯ ಲಾಡಿಗೆ ಗಂಟು ಹಾಕಿದ.

*

ಮಗಳು ಚಿಕ್ಕವಳಿದ್ದಾಗ ಅವನೊಮ್ಮೆ ಬಂದರಿಗೆ ಹೋಗಿದ್ದ. ಹಡಗು ಬೇಕೋ ಮನೆ ಬೇಕೋ, ಎರಡರಲ್ಲೊಂದು ಹೇಳು ಎಂಬ ಮಾತನ್ನು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡಿದ್ದ.

ಹೆಂಡತಿ ಹಡಗಿನ ಪ್ರಯೋಗಾಲಯದ ಮೂಲೆಯಲ್ಲಿ, ಬಾಟಲಿ ತುಂಬಿದ ಪೆಟ್ಟಿಗೆಯ ಮೇಲೆ ಕೂತಿದ್ದಳು. ಬಾಟಲಿಗಳನ್ನು ಆಸಿಡ್‌ನಲ್ಲಿ ತೊಳೆದೂ ತೊಳೆದೂ ಕೈಯ ಚರ್ಮ ಸುಲಿದಿತ್ತು.

"ಈ ಸಲ ಒಂದೇ ಒಂದು ದಿನ ಹಿಮ ಬಿತ್ತು. ಅದರ ತುಂಬ ಸತು. ಆಕಾಶದ್ದಲ್ಲ, ಇದರದ್ದು." ಕೋಟಿನ ಜಿಪ್ಪನ್ನು ಎಳೆದು ತೋರಿಸಿದಳು. "ಎಲ್ಲಾ ಚೆಲ್ಲಬೇಕು. ಇಷ್ಟು ತಿಂಗಳು ನಿಮ್ಮನ್ನ ಬಿಟ್ಟು ಹೋಗಿದ್ದು ಇದಕ್ಕೆ. ಮಗು ಹೇಗಿದಾಳೆ?"

ಅವನು ಹೇಳಿಬಿಟ್ಟ. "ಅಮ್ಮ ಸತ್ತುಹೋಗಿದಾಳೆ ಅಂತ ಸ್ಕೂಲಲ್ಲಿ ಹೇಳ್ಕೊಂಡು ಓಡಾಡ್ತಿದಾಳೆ."

ಅವಳು ಸುಲಿದ ಕೈಗಳನ್ನು ನೋಡಿಕೊಂಡಳು. "ಬಿಟ್ಟು ಬಂದುಬಿಡ್ಲಾ?"

ಅದನ್ನು ಕೇಳಲೆಂದೇ ಅವನು ಬಂದಿದ್ದ. ಆದರೆ ಅವನ ಕಣ್ಣು ಅವಳ ಕೋಟಿನ ಜಿಪ್ಪಿನ ಮೇಲಿತ್ತು.

"ಎದ್ದು ನಿಲ್ಲು" ಎಂದ. "ಅಳತೆ ತಗೋಬೇಕು. ಜಿಪ್ಪು, ಗುಂಡಿ, ಕೊಕ್ಕೆ ಏನೂ ಇಲ್ಲದ ಹಾಗೆ ಹೊಲಿದು ಕೊಡ್ತೀನಿ."

ಟೇಪು ತಂದಿರಲಿಲ್ಲ. ಭುಜದಿಂದ ಭುಜಕ್ಕೆ ಗೇಣು ಹಾಕಿದ.

*

ಶವದ ಗಾಡಿಯ ಹಿಂದೆ ನಡೆಯುತ್ತ ಮಗಳು ಕೇಳಿದಳು. "ಅಪ್ಪಾ, ನಾನು ಸ್ಕೂಲಲ್ಲಿ ಹೇಳ್ತಿದ್ದಿದ್ದು ಅಮ್ಮನಿಗೆ ಗೊತ್ತಿತ್ತಾ?"

"ಗೊತ್ತಿತ್ತು."

"ಏನಂದ್ಲು?"

"ಆಮೇಲೆ ಒಂದ್ಸಲ ಅಂದ್ಲು, ಹೋಗ್ಲಿ ಬಿಡಿ, ಮನೆಗೆ ಬಂದಾಗೆಲ್ಲ ಬದುಕಿ ಬಂದ ಹಾಗಾಗುತ್ತೆ ಅಂತ."

ಮಗಳು ನಗಲು ಹೋಗಿ ಅವನ ತೋಳು ಹಿಡಿದುಕೊಂಡಳು.

ಮಣ್ಣು ಮುಚ್ಚಿ ಮುಗಿಯುವಷ್ಟರಲ್ಲಿ ಹನಿಯತೊಡಗಿತು. ಹನಿ ದಪ್ಪವಾಯಿತು. ಜನ ಗೇಟಿನ ಬಳಿಯ ಚಾವಣಿಯ ಕೆಳಗೆ ಓಡಿದರು. ಅತ್ತಿಗೆ ಮಗಳನ್ನೂ ಎಳೆದುಕೊಂಡು ಹೋದಳು. ದರ್ಜಿ ಮಾತ್ರ ಕದಲಲಿಲ್ಲ. ಕ್ಯಾಪ್ಟನ್ ಹಿಂತಿರುಗಿ ಬಂದರು.

"ಬನ್ನಿ ಮಾಸ್ಟ್ರೇ, ನೆನೀತೀರಿ."

"ಇಷ್ಟು ವರ್ಷ ಹೊಲಿದು ಕೊಟ್ಟೆ. ಅದನ್ನ ಹಾಕ್ಕೊಂಡು ಅವಳು ಎಲ್ಲಿ ನಿಲ್ತಿದ್ಲು ಅಂತ ನೋಡಲೇ ಇಲ್ಲ."

ಕ್ಯಾಪ್ಟನ್ ಒಂದು ಗಳಿಗೆ ಮುಖವೆತ್ತಿ ಗಾಳಿ ನೋಡಿದರು. ಆಮೇಲೆ ಅವನ ಭುಜ ಹಿಡಿದು ಮೆಲ್ಲಗೆ ತಿರುಗಿಸಿದರು.

"ಹಡಗಿನ ಮುಂದಿನ ತುದೀಲಿ. ಹೀಗೆ, ಗಾಳಿಗೆ ಎದುರಾಗಿ. ಹೊಗೆ, ಜನ, ಎಲ್ಲಾ ಹಿಂದೆ ಉಳೀಬೇಕು."

ಅವರು ಹಿಂದೆ ಸರಿದರು. ದರ್ಜಿ ನಿಂತ. ಚಾವಣಿಯಡಿಯ ಗುಸುಗುಸು, ಅತ್ತಿಗೆಯ ಬಿಕ್ಕು ಬೆನ್ನ ಹಿಂದೆ ಕೇಳುತ್ತಿದ್ದವು. ಎದುರಿಗೆ ಮಳೆಯೊಂದೇ.

"ಅಪ್ಪಾ" ಎಂದು ಮಗಳು ಕರೆದಳು. ಸ್ವಲ್ಪ ತಡೆದು ಮತ್ತೆ ಕರೆದಳು.

ತಿರುಗಲೆಂದು ಅವನ ಹಿಮ್ಮಡಿ ನೆಲದಿಂದ ಎದ್ದಿತು. ಮುಖ ಮಾತ್ರ ಮಳೆಯ ಕಡೆಯಿಂದ ಅಲುಗಲಿಲ್ಲ.